ಮೇಣದ ತಟ್ಟೆಯಲ್ಲಿ ಉಳಿದ ಎಲ್ಗರ್

1914ರ ಜನವರಿ 21ರಂದು ಸರ್ ಎಡ್ವರ್ಡ್ ಎಲ್ಗರ್ ಲಂಡನ್ನಿನ ಸಿಟಿ ರೋಡಿನಲ್ಲಿದ್ದ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣದ ಕೋಣೆಗೆ ಬಂದರು. ಆಗ ಅವರಿಗೆ 56 ವರ್ಷ. ಇಂಗ್ಲೆಂಡಿನಲ್ಲಿ ಅವರಷ್ಟು ಹೆಸರು ಮಾಡಿದ ಸಂಗೀತ ಸಂಯೋಜಕ ಇನ್ನೊಬ್ಬರಿರಲಿಲ್ಲ. ದೊರೆಯಿಂದ ಬಿರುದು ಬಂದಿತ್ತು, ಎರಡು ಸಿಂಫನಿಗಳು ಮತ್ತು ಪಿಟೀಲಿನ ಕಾನ್ಚೆರ್ಟೊ ಮೊದಲ ಪ್ರದರ್ಶನ ಕಂಡಿದ್ದವು. ಅಂಥವರು ಅಂದು ನುಡಿಸಲು ತಂದದ್ದು ‘ಕರಿಸ್ಸಿಮಾ’ ಎಂಬ ಒಂದು ಪುಟ್ಟ ರಚನೆಯನ್ನು. ಅದನ್ನು ಅಲ್ಲಿಯವರೆಗೆ ಯಾವ ಸಭೆಯೂ ಕೇಳಿರಲಿಲ್ಲ. ಹೊಸ ಕೃತಿಯೊಂದು ಸಭಾಂಗಣಕ್ಕೆ ಹೋಗುವ ಮುಂಚೆ ಗ್ರಾಮಫೋನ್ ತಟ್ಟೆಗೆ ಇಳಿಯಿತು.

ಅಂದಿನ ಧ್ವನಿಮುದ್ರಣದ ಕೋಣೆಯಲ್ಲಿ ಮೈಕ್ರೋಫೋನ್ ಇರಲಿಲ್ಲ. ಗೋಡೆಯಿಂದ ಒಂದು ದೊಡ್ಡ ತಗಡಿನ ಕಹಳೆ ಕೋಣೆಯೊಳಕ್ಕೆ ಬಾಯಿ ತೆರೆದುಕೊಂಡಿರುತ್ತಿತ್ತು. ಗೋಡೆಯ ಆಚೆಗೆ ಯಂತ್ರ. ವಾದಕರು ಎಬ್ಬಿಸಿದ ಸದ್ದು ಕಹಳೆಯ ಕಿರಿದಾದ ತುದಿಗೆ ಬಂದು ಒಂದು ತೆಳುವಾದ ಪೊರೆಯನ್ನು ನಡುಗಿಸಬೇಕು, ಆ ನಡುಕ ಒಂದು ಮುಳ್ಳಿಗೆ ದಾಟಬೇಕು, ಮುಳ್ಳು ತಿರುಗುತ್ತಿರುವ ದಪ್ಪ ಮೇಣದ ತಟ್ಟೆಯ ಮೇಲೆ ಗೀರು ಕೊರೆಯಬೇಕು. ಮೇಣ ಹದವಾಗಿರಲೆಂದು ಅದನ್ನು ಮೊದಲೇ ಬೆಚ್ಚಗೆ ಮಾಡಿ ಇಡುತ್ತಿದ್ದರು. ವೇಗ ಏರುಪೇರಾಗದಂತೆ ತಟ್ಟೆಯನ್ನು ತಿರುಗಿಸುತ್ತಿದ್ದದ್ದು ಮೇಲಿನಿಂದ ನಿಧಾನವಾಗಿ ಇಳಿಯುವ ಒಂದು ತೂಕದ ಗುಂಡು. ಆದರೆ ಪೊರೆಯನ್ನೂ ಮುಳ್ಳನ್ನೂ ನಡುಗಿಸಲು ವಾದ್ಯಗಳ ಬಲ ಬಿಟ್ಟರೆ ಬೇರೆ ಶಕ್ತಿಯ ಮೂಲವೇ ಇರಲಿಲ್ಲ. ಹಾಗಾಗಿ ವಾದಕರು ಕಹಳೆಯ ಬಾಯಿಗೆ ಮುತ್ತಿಕೊಂಡು ಕೂರಬೇಕಾಗುತ್ತಿತ್ತು. ಫ್ರೆಂಚ್ ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುವುದರಿಂದ ಅದನ್ನು ಊದುವವರು ಕಹಳೆಗೆ ಬೆನ್ನು ಹಾಕಿ ಕೂತು, ಎದುರಿಗಿಟ್ಟ ಕನ್ನಡಿಯಲ್ಲಿ ನಿರ್ದೇಶಕನ ಕೈ ನೋಡುತ್ತಿದ್ದರು.

ಎಲ್ಲಕ್ಕಿಂತ ಕಷ್ಟ ತಂತಿವಾದ್ಯಗಳದ್ದು. ಪಿಟೀಲಿನ ನಯವಾದ ನಾದ ಕಹಳೆಯ ಪೊರೆಯನ್ನು ಅಲುಗಿಸುವಷ್ಟು ಬಲವಾದದ್ದಲ್ಲ. ಮರದ ಒಡಲಿನ ಬದಲು ಲೋಹದ ಕಹಳೆ ಜೋಡಿಸಿದ ‘ಸ್ಟ್ರೋ’ ಪಿಟೀಲು ಎಂಬ ವಿಚಿತ್ರ ವಾದ್ಯ ಹುಟ್ಟಿದ್ದು ಈ ಕೊರತೆಯಿಂದಲೇ. ಡಬಲ್ ಬಾಸ್ ಕೇಳಿಸುವುದಿಲ್ಲವೆಂದು ಅದರ ಸ್ವರಗಳನ್ನು ಟ್ಯೂಬಾದಲ್ಲಿ ಊದಿಸುತ್ತಿದ್ದರು. ತಂತಿಗಳಿಗಾಗಿ ಬರೆದದ್ದನ್ನು ಹಿತ್ತಾಳೆ ನುಡಿಯುತ್ತಿತ್ತು.

ಎಲ್ಗರ್ ಹುಟ್ಟಾ ಪಿಟೀಲಿನ ಮನುಷ್ಯ. 1857ರಲ್ಲಿ ವೂಸ್ಟರ್ ಪಟ್ಟಣದ ಹತ್ತಿರದ ಬ್ರಾಡ್‌ಹೀತ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ವೂಸ್ಟರಿನಲ್ಲಿ ಸಂಗೀತದ ಅಂಗಡಿ ಇಟ್ಟುಕೊಂಡು ಪಿಯಾನೋಗಳಿಗೆ ಶ್ರುತಿ ಮಾಡಿಕೊಡುತ್ತಿದ್ದರು. ಸಂಗೀತ ಕಾಲೇಜಿಗೆ ಕಳಿಸುವ ಅನುಕೂಲ ಮನೆಯಲ್ಲಿರಲಿಲ್ಲ. ಅಂಗಡಿಯ ಪುಸ್ತಕಗಳನ್ನು ಓದಿ, ಊರಿನ ವಾದ್ಯವೃಂದದಲ್ಲಿ ಪಿಟೀಲು ನುಡಿಸಿ, ಕೈಗೆ ಸಿಕ್ಕ ವಾದ್ಯವನ್ನೆಲ್ಲ ಕಲಿತು ಬೆಳೆದರು. 1879ರಿಂದ ಐದು ವರ್ಷ ಪೊವಿಕ್ ಎಂಬಲ್ಲಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ವಾದ್ಯತಂಡವನ್ನು ನಡೆಸಿದರು. ಅಲ್ಲಿನ ಸಿಬ್ಬಂದಿಯೇ ವಾದಕರು, ರೋಗಿಗಳ ನೃತ್ಯಕ್ಕೆ ಸಂಗೀತ ಒದಗಿಸುವುದು ಕೆಲಸ. ಇದ್ದ ನಾಲ್ಕಾರು ವಾದ್ಯಗಳಿಗೆ ಹೊಂದುವಂತೆ ಬರೆಯುವುದನ್ನು ಅವರು ಕಲಿತದ್ದು ಅಲ್ಲಿ. ಮೂವತ್ತೈದು ವರ್ಷಗಳ ನಂತರ ತಗಡಿನ ಕಹಳೆಯ ಮುಂದೆ ನಿಂತಾಗ ಆ ಪಾಠ ಕೈಹಿಡಿಯಿತು. ಬೇರೆ ಸಂಯೋಜಕರು ಆಟಿಕೆಯೆಂದು ಮೂಗು ಮುರಿದ ಯಂತ್ರದ ಜೊತೆ ಎಲ್ಗರ್ ಗುದ್ದಾಡಲು ಸಿದ್ಧರಿದ್ದರು.

ಗ್ರಾಮಫೋನ್ ಕಂಪನಿಯಲ್ಲಿ ಅವರಿಗೆ ಸಿಕ್ಕ ಒಡನಾಡಿ ಫ್ರೆಡ್ ಗೈಸ್‌ಬರ್ಗ್. ಈತ ಅಮೆರಿಕದವನು, ಗ್ರಾಮಫೋನ್ ತಟ್ಟೆಯನ್ನು ಕಂಡುಹಿಡಿದ ಎಮಿಲ್ ಬರ್ಲಿನರನ ಕೈಕೆಳಗೆ ಪಳಗಿ 1898ರಲ್ಲಿ ಲಂಡನ್ನಿಗೆ ಬಂದವನು. ಈ ಹೆಸರು ನಮಗೂ ಹೊಸತಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮೊದಲ ಸಲ ತಟ್ಟೆಗಿಳಿಸಿದವನು ಇವನೇ. ಹಾಡು ಮುಗಿದ ಮೇಲೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುವುದನ್ನು ಆ ತಟ್ಟೆಗಳಲ್ಲಿ ಇಂದಿಗೂ ಕೇಳಬಹುದು. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಮೈಸೂರಿಗೆ ಬಂದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಖ್ಯಾಲು, ಠುಮ್ರಿಯ ರಾಣಿಯೂ ಇಂಗ್ಲೆಂಡಿನ ಸಿಂಫನಿಕಾರನೂ ಒಬ್ಬನೇ ಮನುಷ್ಯನ ಕಹಳೆಯ ಮುಂದೆ ನಿಂತವರು. ತಟ್ಟೆ ಒತ್ತಲು ಬಳಸುತ್ತಿದ್ದ ಅರಗು ಕೂಡ ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದ ಕಾಡುಗಳಿಂದ.

ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದದ್ದು ನಾಲ್ಕು, ಹೆಚ್ಚೆಂದರೆ ನಾಲ್ಕೂವರೆ ನಿಮಿಷದ ಸಂಗೀತ. ಎಲ್ಗರ್ ಬರೆದ ಪಿಟೀಲಿನ ಕಾನ್ಚೆರ್ಟೊ ಸುಮಾರು ಐವತ್ತು ನಿಮಿಷದ್ದು. 1916ರ ಡಿಸೆಂಬರಿನಲ್ಲಿ ಮೇರಿ ಹಾಲ್ ಎಂಬ ಪಿಟೀಲುವಾದಕಿಯೊಂದಿಗೆ ಅದನ್ನು ಮುದ್ರಿಸಿದಾಗ ನಾಲ್ಕು ಮಗ್ಗುಲಿಗೆ, ಅಂದರೆ ಹದಿನೈದು ನಿಮಿಷದ ಆಸುಪಾಸಿಗೆ, ಇಳಿಸಬೇಕಾಯಿತು. ಕತ್ತರಿ ಹಿಡಿದವರು ಸ್ವತಃ ಎಲ್ಗರ್. ಅವರು ಬರಿದೇ ಕತ್ತರಿಸಿ ಸುಮ್ಮನಾಗಲಿಲ್ಲ ಎನ್ನುವುದು ಇಲ್ಲಿ ಮುಖ್ಯ. ಆ ಕೃತಿಯ ಕೊನೆಯ ಭಾಗದಲ್ಲಿ ಒಂದು ಅಪರೂಪದ ಘಳಿಗೆ ಬರುತ್ತದೆ. ಏಕವ್ಯಕ್ತಿ ಪಿಟೀಲು ಹಳೆಯ ರಾಗಗಳನ್ನೆಲ್ಲ ಮೆಲುಕು ಹಾಕುತ್ತಿರುವಾಗ, ವೃಂದದ ಪಿಟೀಲುಗಳು ಕಮಾನು ಬಿಟ್ಟು ಬೆರಳಿನ ಮೆತ್ತನೆಯ ಭಾಗದಿಂದ ತಂತಿಗಳನ್ನು ಸವರುತ್ತ ಮಿಡಿಯುತ್ತವೆ. ಸಭಾಂಗಣದಲ್ಲಿ ಕೂತವರಿಗೇ ಅದು ಕೇಳಿಯೂ ಕೇಳದಂತಿರುವ ಸದ್ದು. ಕಹಳೆಗೆ ಅದು ಕೇಳುವ ಮಾತೇ ಇರಲಿಲ್ಲ. ಎಲ್ಗರ್ ಆ ಜಾಗಕ್ಕೆ ಹಾರ್ಪ್ ವಾದ್ಯಕ್ಕಾಗಿ ಹೊಸದಾಗಿ ಬರೆದುಕೊಟ್ಟರು. ಯಂತ್ರದ ಮಿತಿಯನ್ನು ಶಪಿಸುವ ಬದಲು ಅದಕ್ಕೆಂದೇ ಇನ್ನೊಂದು ಪಾಠಾಂತರ ಸಿದ್ಧಪಡಿಸಿದ ಸಂಯೋಜಕನ ಕೈಬರಹ ಆ ತಟ್ಟೆಯಲ್ಲಿದೆ ಎಂದೇ ನನಗನ್ನಿಸುತ್ತದೆ. ಗರಗರ ಸದ್ದಿನ ನಡುವೆ ಮೇರಿ ಹಾಲ್ ಅವರ ಪಿಟೀಲು ಸಣ್ಣಗೆ, ಆದರೆ ಸ್ಪಷ್ಟವಾಗಿ ಕೇಳುತ್ತದೆ.

1919ರ ಅಕ್ಟೋಬರ್ 27ರಂದು ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ಎಲ್ಗರ್ ಅವರ ಚೆಲ್ಲೋ ಕಾನ್ಚೆರ್ಟೊ ಮೊದಲ ಬಾರಿಗೆ ನಡೆಯಿತು. ಅದೇ ಕಾರ್ಯಕ್ರಮದ ಉಳಿದ ಕೃತಿಗಳಿಗೆ ಆಲ್ಬರ್ಟ್ ಕೋಟ್ಸ್ ನಿರ್ದೇಶಕರು; ಅವರು ತಾಲೀಮಿನ ಹೊತ್ತನ್ನೆಲ್ಲ ತಾವೇ ನುಂಗಿಬಿಟ್ಟರು. ಪ್ರದರ್ಶನ ನೆಲಕಚ್ಚಿತು. ಅಂದು ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಚೆಲ್ಲೋ ಸಾಲಿನಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಕೂತಿದ್ದ. ಇಟಲಿಯಿಂದ ಬಂದ ಮನೆತನದವನು, ಹೆಸರು ಜಾನ್ ಬಾರ್ಬಿರೋಲಿ. ಈ ಕಥೆಯಲ್ಲಿ ಅವನು ಮತ್ತೆ ಬರುತ್ತಾನೆ.

ಮರುವರ್ಷ ಏಪ್ರಿಲಿನಲ್ಲಿ ಎಲ್ಗರ್ ಅವರ ಪತ್ನಿ ಆಲಿಸ್ ತೀರಿಕೊಂಡರು. ಸಂಗೀತದ ಹಾಳೆಗೆ ಗೆರೆ ಎಳೆಯುವುದರಿಂದ ಹಿಡಿದು ಗಂಡನ ಮೇಲೆ ಹತಾಶೆ ಕವಿದಾಗ ಎಬ್ಬಿಸಿ ಕೂರಿಸುವುದರವರೆಗೆ ಎಲ್ಲವೂ ಆಕೆಯದಾಗಿತ್ತು. ಆ ನಂತರ ಎಲ್ಗರ್ ದೊಡ್ಡ ಕೃತಿಯೊಂದನ್ನೂ ಮುಗಿಸಲಿಲ್ಲ. ಅವರ ಕೊನೆಯ ಹದಿನಾಲ್ಕು ವರ್ಷಗಳನ್ನು ಬರಡು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರೆದದ್ದನ್ನು ಮತ್ತೊಮ್ಮೆ, ಈ ಸಲ ನಾದದಲ್ಲಿ, ಬರೆದಿಡುವ ಕೆಲಸವನ್ನು ಅವರು ಈ ವರ್ಷಗಳಲ್ಲಿ ಮಾಡಿದರು. 1921ರ ಜುಲೈನಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಗ್ರಾಮಫೋನ್ ಕಂಪನಿಯ ಎಚ್‌ಎಂವಿ ಅಂಗಡಿಯನ್ನು ಉದ್ಘಾಟಿಸಿದವರೂ ಅವರೇ. ಮನೆಯಲ್ಲಿ ನಾಯಿಗಳು, ಗ್ರಾಮಫೋನು, ಆಗಾಗ ಕುದುರೆ ಜೂಜು — ಒಂಟಿ ಮುದುಕನ ದಿನಗಳು ಹೀಗೆ ಸಾಗುತ್ತಿದ್ದವು.

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂತು. ಮೈಕ್ರೋಫೋನ್ ಬಂದದ್ದೇ ವಾದ್ಯವೃಂದ ಕೋಣೆಯಿಂದ ಸಭಾಂಗಣಕ್ಕೆ ಹೊರಟಿತು. ಸ್ಟ್ರೋ ಪಿಟೀಲು ಮೂಲೆ ಸೇರಿತು, ಡಬಲ್ ಬಾಸ್ ಟ್ಯೂಬಾದಿಂದ ತನ್ನ ಸ್ವರಗಳನ್ನು ವಾಪಸು ಪಡೆಯಿತು. ಹಳೆಯ ವಿಧಾನದಲ್ಲಿ ಎಲ್ಗರ್ ಆಗಷ್ಟೇ ಎರಡನೆಯ ಸಿಂಫನಿಯನ್ನು ಮುದ್ರಿಸಿ ಮುಗಿಸಿದ್ದರು. ಆ ಶ್ರಮ ಹಳತಾಗಿ ಹೋಯಿತೆಂದು ಬೇಸರಿಸದೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು.

1926ರಲ್ಲಿ ಕ್ವೀನ್ಸ್ ಹಾಲಿನಲ್ಲಿ ‘ಎನಿಗ್ಮಾ ವೇರಿಯೇಷನ್ಸ್’. ತನ್ನ ಹೆಂಡತಿ, ಗೆಳೆಯರು, ಗೆಳೆಯನೊಬ್ಬನ ನಾಯಿ ಇವರನ್ನೆಲ್ಲ ಒಂದೇ ರಾಗದ ಬೇರೆ ಬೇರೆ ರೂಪಗಳಲ್ಲಿ ಚಿತ್ರಿಸಿದ ಈ ಕೃತಿಯಿಂದಲೇ 1899ರಲ್ಲಿ ಅವರು ಇಂಗ್ಲೆಂಡಿಗೆಲ್ಲ ಪರಿಚಿತರಾದದ್ದು. ಅದರಲ್ಲಿ ‘ನಿಮ್ರಾಡ್’ ಎಂಬ ಭಾಗ ಅವರ ಪ್ರಕಾಶನ ಸಂಸ್ಥೆಯಲ್ಲಿದ್ದ ಗೆಳೆಯ ಯೇಗರ್ ಅವರ ಚಿತ್ರ. ಎದೆಗುಂದಿ ಕೂತಾಗ ಧೈರ್ಯ ತುಂಬಿದ ಗೆಳೆಯನ ಜೊತೆಗಿನ ಸಂಜೆಯ ಮಾತುಕತೆಯ ನೆನಪು ಅದು. ಇಂದು ಬ್ರಿಟನ್ನಿನಲ್ಲಿ ಅದು ಸಾವಿನ ಸಂಗೀತವಾಗಿದೆ. ಯುದ್ಧದಲ್ಲಿ ಮಡಿದವರ ಸ್ಮರಣೆಗೆ, ಗಣ್ಯರ ಅಂತ್ಯಸಂಸ್ಕಾರಕ್ಕೆ ಅದನ್ನು ಮೆಲ್ಲಗೆ, ಭಾರವಾಗಿ ನುಡಿಸುತ್ತಾರೆ. 1982ರಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ನಿರ್ದೇಶನದಲ್ಲಿ ಅದು ಆರು ನಿಮಿಷದ ಹತ್ತಿರಕ್ಕೆ ಹೋಯಿತು. ಎಲ್ಗರ್ ಅವರ ಕೈಯಲ್ಲಿ ಅದೇ ನಿಮ್ರಾಡ್ ಸುಮಾರು ಮೂರು ನಿಮಿಷದಲ್ಲಿ ಮುಗಿಯುತ್ತದೆ.

ತಟ್ಟೆಯಲ್ಲಿ ಜಾಗವಿರಲಿಲ್ಲ, ಅದಕ್ಕೇ ಓಡಿಸಿದರು ಎಂದು ಕೆಲವರು ಸಮಾಧಾನ ಹೇಳುವುದುಂಟು. ಕೇಳಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಓಡಿಸಿದ ಸಂಗೀತದಲ್ಲಿ ಉಸಿರಿಗೆ ಎಡೆಯಿರುವುದಿಲ್ಲ. ಎಲ್ಗರ್ ಅವರದ್ದರಲ್ಲಿ ಒಂದೊಂದು ಸಾಲೂ ಏರುವಾಗ ಮುಂದಕ್ಕೆ ತುಯ್ಯುತ್ತದೆ, ಇಳಿಯುವಾಗ ತಡೆದು ನಿಲ್ಲುತ್ತದೆ. ಕಾಲಪ್ರಮಾಣ ಒಂದು ಕ್ಷಣವೂ ಒಂದೇ ಸಮನಾಗಿರುವುದಿಲ್ಲ. ಗೆಳೆಯನೊಬ್ಬ ಹುರುಪಿನಿಂದ ಮಾತಾಡುತ್ತಿದ್ದಾನೆ, ಇನ್ನೊಬ್ಬನ ಮನಸ್ಸು ಹಗುರಾಗುತ್ತಿದೆ. ಅದರಲ್ಲಿ ಕೇಳಿಸುವುದು ಇದು. ಶೋಕ ಆಮೇಲೆ ಬಂದವರು ಹೊದಿಸಿದ್ದು. ಸ್ವರಲಿಪಿಯನ್ನು ಎಷ್ಟು ನಿಷ್ಠೆಯಿಂದ ಓದಿದರೂ ಈ ಸಂಗತಿ ಹೊಳೆಯುವುದಿಲ್ಲ. ಗುರುವಿನ ಬಾಯಿಂದ ಕೇಳಿ ಪಾಠ ಒಪ್ಪಿಸುವ ಪರಂಪರೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೀರ್ತನೆಯ ಸ್ವರಸಾಹಿತ್ಯ ಅಚ್ಚಾಗಿರುವ ಪುಸ್ತಕ ಕೈಯಲ್ಲಿದ್ದ ಮಾತ್ರಕ್ಕೆ ರಾಗ ಬಂದುಬಿಡುವುದಿಲ್ಲವಷ್ಟೆ.

ಗಮನಿಸಬೇಕಾದ ಇನ್ನೊಂದು ಸಂಗತಿ ಜಾರು. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳನ್ನು ಎತ್ತದೆ ತಂತಿಯ ಮೇಲೆಯೇ ಸರಿಸಿಕೊಂಡು ಹೋಗುವುದು ನಮ್ಮ ಪಿಟೀಲು ವಿದ್ವಾಂಸರಿಗೆ ನಿತ್ಯದ ಮಾತು. ಯುರೋಪಿನ ಇಂದಿನ ವಾದ್ಯವೃಂದದಲ್ಲಿ ಅದು ಅಪರೂಪ. ಎಲ್ಲ ಸ್ವರಗಳೂ ತೊಳೆದಿಟ್ಟಷ್ಟು ಬಿಡಿಬಿಡಿ. ಆದರೆ ಎಲ್ಗರ್ ಅವರ ತಟ್ಟೆಗಳಲ್ಲಿ ಹತ್ತಾರು ಪಿಟೀಲುಗಳು ಒಟ್ಟಿಗೆ ಜಾರುತ್ತವೆ, ಅದೂ ಎಲ್ಲರೂ ಒಂದೇ ಕ್ಷಣಕ್ಕಲ್ಲ. ಒಬ್ಬ ಬೇಗ, ಒಬ್ಬ ತುಸು ತಡವಾಗಿ. 1927ರ ಏಪ್ರಿಲ್ 1ರಂದು ಕ್ವೀನ್ಸ್ ಹಾಲಿನಲ್ಲಿ ಮುದ್ರಿಸಿದ ಎರಡನೆಯ ಸಿಂಫನಿಯ ನಿಧಾನಗತಿಯ ಭಾಗವನ್ನು ಕೇಳಿದರೆ ತಂತಿಗಳು ಅಳುತ್ತಿವೆಯೋ ಹಾಡುತ್ತಿವೆಯೋ ತಿಳಿಯದಷ್ಟು ಮನುಷ್ಯಕಂಠಕ್ಕೆ ಹತ್ತಿರವಾಗುತ್ತವೆ. ಹತ್ತೊಂಬತ್ತನೆಯ ಶತಮಾನದ ರೊಮ್ಯಾಂಟಿಕ್ ಯುಗದಲ್ಲಿ ತಂತಿವಾದ್ಯಗಳನ್ನು ಹೀಗೆಯೇ ನುಡಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ಶೈಲಿ ಹೆಚ್ಚುಕಡಿಮೆ ಮರೆಯಾಗಿತ್ತು. ಇಂಥ ತಟ್ಟೆಗಳಿಲ್ಲದಿದ್ದರೆ ಅದು ಹೇಗಿತ್ತೆಂದು ಇವತ್ತು ಯಾರಿಗೂ ಗೊತ್ತಾಗುತ್ತಿರಲಿಲ್ಲ.

1928ರಲ್ಲಿ ಚೆಲ್ಲೋ ಕಾನ್ಚೆರ್ಟೊ ಪೂರ್ತಿಯಾಗಿ ಮುದ್ರಣಗೊಂಡಿತು. ನುಡಿಸಿದವರು ಬಿಯಾಟ್ರಿಸ್ ಹ್ಯಾರಿಸನ್. ಕತ್ತರಿಸಿದ ಹಳೆಯ ಮುದ್ರಣದಲ್ಲೂ ಎಲ್ಗರ್ ಅವರ ಜೊತೆಗಿದ್ದವರು ಈಕೆಯೇ. ಬ್ರಿಟನ್ನಿನ ಜನಸಾಮಾನ್ಯರಿಗೆ ಈಕೆಯ ಪರಿಚಯ ಬೇರೆ ಕಾರಣಕ್ಕಾಗಿತ್ತು: 1924ರ ಮೇ ತಿಂಗಳ ಒಂದು ರಾತ್ರಿ ಸರ್ರೆಯ ತನ್ನ ಮನೆಯ ತೋಟದಲ್ಲಿ ಕೂತು ಚೆಲ್ಲೋ ನುಡಿಸಿದರು, ಪೊದೆಯಲ್ಲಿದ್ದ ನೈಟಿಂಗೇಲ್ ಹಕ್ಕಿ ಜೊತೆಗೂಡಿ ಹಾಡಿತು, ಬಿಬಿಸಿ ಅದನ್ನು ನೇರವಾಗಿ ಬಾನುಲಿಯಲ್ಲಿ ಬಿತ್ತರಿಸಿತು. ಕಾನ್ಚೆರ್ಟೊ ಮುದ್ರಣದಲ್ಲಿ ಆಕೆಯ ನಾದ ಒಣಗಿದಂತೆ, ಒಂದಿಷ್ಟು ಒರಟಾಗಿ ಕೇಳಿಸುತ್ತದೆ. ನೇರ ನಡಿಗೆ, ಕಣ್ಣೀರಿಲ್ಲ. ಇಡೀ ಕೃತಿ ಸುಮಾರು 25 ನಿಮಿಷ.

1931ರ ನವೆಂಬರ್ 12ರಂದು ಅಬ್ಬೆ ರೋಡಿನ ಸ್ಟುಡಿಯೋ ತೆರೆಯಿತು. ಹಳೆಯ ಬಂಗಲೆಯ ಹಿಂದಿನ ತೋಟದಲ್ಲಿ ಕಟ್ಟಿದ, ಹೊಸ ಮಹಾಸಂಸ್ಥೆ ಇಎಂಐನ ಜಾಗ ಅದು. ಮೂವತ್ತು ವರ್ಷಗಳ ನಂತರ ಅಲ್ಲಿಗೆ ಬಂದ ಬೀಟಲ್ಸ್ ಹುಡುಗರಿಂದ ಆ ಬೀದಿ ಲೋಕಪ್ರಸಿದ್ಧವಾಯಿತು. ಆದರೆ ಮೊದಲ ದಿನ ವೇದಿಕೆಯಲ್ಲಿದ್ದವರು ಎಲ್ಗರ್, ಎದುರಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ, ಮೆಟ್ಟಿಲಿನ ಮೇಲೆ ಕೂತು ಕೇಳಿದವರಲ್ಲಿ ಬರ್ನಾರ್ಡ್ ಷಾ. ಸುದ್ದಿಚಿತ್ರದ ಕ್ಯಾಮೆರಾಕ್ಕಾಗಿ ಎಲ್ಗರ್ ತಮ್ಮ ಅತಿ ಪ್ರಸಿದ್ಧ ನಡೆಗೀತವನ್ನು ನುಡಿಸಿದರು. ಹಿಂದೆಂದೂ ಕೇಳಿಯೇ ಇಲ್ಲವೆಂಬಂತೆ ಇದನ್ನು ನುಡಿಸಿ ಎಂದು ವಾದಕರಿಗೆ ಹೇಳುವುದು ಆ ಚಿತ್ರದಲ್ಲಿದೆ. ಇಂಗ್ಲೆಂಡಿನಲ್ಲಿ ಅದನ್ನು ಕೇಳದ ಮನುಷ್ಯನೇ ಇರಲಿಲ್ಲ.

ಗೈಸ್‌ಬರ್ಗ್‌ಗೆ ಒಂದು ಆಸೆ ಬಾಕಿಯಿತ್ತು: ಪಿಟೀಲಿನ ಕಾನ್ಚೆರ್ಟೊವನ್ನು ಸಂಯೋಜಕರ ನಿರ್ದೇಶನದಲ್ಲಿಯೇ ಕತ್ತರಿಯಿಲ್ಲದೆ ಮುದ್ರಿಸುವುದು. 1910ರಲ್ಲಿ ಅದನ್ನು ಮೊದಲು ನುಡಿಸಿದ, ಯಾರಿಗೆ ಅದು ಅರ್ಪಿತವೋ ಆ ಫ್ರಿಟ್ಜ್ ಕ್ರೈಸ್ಲರ್ ಅವರ ಹಿಂದೆ ಬಿದ್ದು ಕೇಳಿದ. ಕ್ರೈಸ್ಲರ್ ಮುಂದೂಡುತ್ತಲೇ ಹೋದರು. ಎಲ್ಗರ್‌ಗೆ ವಯಸ್ಸಾಗುತ್ತಿತ್ತು. ಕೊನೆಗೆ ಗೈಸ್‌ಬರ್ಗ್ ಆರಿಸಿದ್ದು ಹದಿನಾರು ವರ್ಷದ ಯೆಹೂದಿ ಮೆನುಹಿನ್‌ನನ್ನು. ಅಮೆರಿಕದ ಆ ಹುಡುಗ ಅದುವರೆಗೆ ಈ ಕೃತಿಯನ್ನು ಸಭೆಯಲ್ಲಿ ನುಡಿಸಿದವನಲ್ಲ.

ಮುದ್ರಣಕ್ಕೆ ಮೊದಲು ಲಂಡನ್ನಿನ ಗ್ರೋವ್‌ನರ್ ಹೌಸ್ ಹೋಟೆಲಿನಲ್ಲಿ ಇಬ್ಬರ ಭೇಟಿಯಾಯಿತು. ಹುಡುಗ ಪಿಯಾನೋ ಜೊತೆಯಲ್ಲಿ ತನ್ನ ಪ್ರವೇಶದಿಂದ ನುಡಿಸತೊಡಗಿದ. ಒಂದಿಷ್ಟು ಕೇಳಿದ ಎಲ್ಗರ್, ಇನ್ನು ಹೇಳುವುದೇನೂ ಇಲ್ಲ, ಚೆನ್ನಾಗಿಯೇ ಬರುತ್ತದೆ ಎಂದವರೇ ಕುದುರೆ ಪಂದ್ಯಕ್ಕೆ ಹೊರಟುಬಿಟ್ಟರಂತೆ. ಮೆನುಹಿನ್ ಜೀವನಪೂರ್ತಿ ಹೇಳಿದ ಕಥೆ ಇದು. ಅಂದು ಪಿಯಾನೋ ನುಡಿಸಿದ ಐವರ್ ನ್ಯೂಟನ್ ಅವರ ನೆನಪಿನಲ್ಲಿ ಚರ್ಚೆ ಇನ್ನೂ ತುಸು ಉದ್ದವಾಗಿಯೇ ನಡೆದಿತ್ತು. ಪಂದ್ಯಕ್ಕೆ ಹೋದದ್ದು ಮಾತ್ರ ಇಬ್ಬರ ನೆನಪಿನಲ್ಲೂ ಇದೆ.

1932ರ ಜುಲೈ 14 ಮತ್ತು 15ರಂದು ಅಬ್ಬೆ ರೋಡಿನ ಒಂದನೆಯ ಸ್ಟುಡಿಯೋದಲ್ಲಿ ಕೆಲಸ ನಡೆಯಿತು. ಆರು ತಟ್ಟೆ, ಹನ್ನೆರಡು ಮಗ್ಗುಲು. ನಾಲ್ಕು ನಿಮಿಷಕ್ಕೊಮ್ಮೆ ಕೈ ನಿಲ್ಲಿಸಬೇಕು, ಹೊಸ ಮೇಣ ಏರುವವರೆಗೆ ಕಾಯಬೇಕು, ನಿಲ್ಲಿಸಿದ ಭಾವದಿಂದಲೇ ಮತ್ತೆ ಹೊರಡಬೇಕು. ನುಡಿಸಿದ್ದನ್ನು ಆಗಲೇ ಕೇಳುವಂತೆಯೂ ಇಲ್ಲ. ಮುಳ್ಳು ಮತ್ತೆ ಹರಿದರೆ ಮೃದುವಾದ ಗೀರು ಕೆಟ್ಟು ಆ ಮೇಣ ಅಚ್ಚಿಗೆ ಬಾರದೆ ಹೋಗುತ್ತದೆ. ಇಷ್ಟೆಲ್ಲ ಅಡ್ಡಿಯಿದ್ದೂ ಆ ತಟ್ಟೆಗಳಲ್ಲಿ ಎಲ್ಲಿಯೂ ಬೆಸುಗೆ ಕಾಣುವುದಿಲ್ಲ. ಮೊದಲ ಭಾಗದಲ್ಲಿ ವಾದ್ಯವೃಂದ ದೀರ್ಘವಾದ ಪೀಠಿಕೆ ಹಾಕಿದ ಮೇಲೆ ಪಿಟೀಲು ಬರುವ ಜಾಗವನ್ನು ಗಮನಿಸಿ ಕೇಳಬೇಕು. ವೃಂದ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಹುಡುಗ ಕೆಳಗಿನ ತಂತಿಯಲ್ಲಿ ಎತ್ತಿಕೊಂಡು ಮುಗಿಸುತ್ತಾನೆ, ದಪ್ಪ ಕಂಠದಲ್ಲಿ, ಯಾವ ಆತುರವೂ ಇಲ್ಲದೆ. ಎಪ್ಪತ್ತೈದರ ಮುದುಕ ಹಿಂದಿನಿಂದ ವೃಂದವನ್ನು ಅಲೆಯಂತೆ ಎಬ್ಬಿಸುತ್ತ ಅವನಿಗೆ ದಾರಿ ಬಿಡುತ್ತಾರೆ. ಕೊನೆಯಲ್ಲಿ ಬರುವ ಆ ಬೆರಳ ಮಿಡಿತಕ್ಕೆ ಈ ಸಲ ಹಾರ್ಪಿನ ನೆರವು ಬೇಕಾಗಲಿಲ್ಲ. ಮೈಕ್ರೋಫೋನ್ ಅದನ್ನು ಹಿಡಿಯಿತು. ಎಲ್ಗರ್ ಬರೆದದ್ದನ್ನು ಅವರದೇ ನಿರ್ದೇಶನದ ತಟ್ಟೆಯಲ್ಲಿ ಬರೆದಂತೆಯೇ ಕೇಳಲು ಹದಿನಾರು ವರ್ಷ ಕಾಯಬೇಕಾಯಿತು.

ಇದೇ ಮೆನುಹಿನ್ 1952ರಲ್ಲಿ ಮುಂಬಯಿಗೆ ಬಂದಾಗ ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರರನ್ನು ಕಂಡು ಅವರಲ್ಲಿ ಯೋಗ ಕಲಿತು, ಅವರನ್ನು ಯುರೋಪಿಗೆ ಕರೆದೊಯ್ದರು. ಪಿಟೀಲು ಹಿಡಿಯುವ ಭುಜಕ್ಕೆ ಬೇಕಾದ ವಿಶ್ರಾಂತಿಯನ್ನು ಕನ್ನಡನಾಡಿನ ಗುರುವಿನಲ್ಲಿ ಕಂಡುಕೊಂಡ ಆ ವಾದಕ, ತನ್ನ ಐವತ್ತರ ಅಂಚಿನಲ್ಲಿ ಇದೇ ಕಾನ್ಚೆರ್ಟೊವನ್ನು ಏಡ್ರಿಯನ್ ಬೌಲ್ಟ್ ಅವರೊಂದಿಗೆ ಮತ್ತೊಮ್ಮೆ ಮುದ್ರಿಸಿದರು. ಅದರಲ್ಲಿ ಅನುಭವ ಹೆಚ್ಚು. ನನ್ನ ಕಿವಿ ಹುಡುಗನ ಕಡೆಗೇ ಹೋಗುತ್ತದೆ.

1933ರ ಆಗಸ್ಟ್ 29ರಂದು ಎಲ್ಗರ್ ಕೊನೆಯ ಸಲ ಧ್ವನಿಮುದ್ರಣಕ್ಕೆ ನಿಂತರು. ಜಾಗ ಕಿಂಗ್ಸ್‌ವೇ ಹಾಲ್, ಲಂಡನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ. ನುಡಿಸಿದ್ದು ಬರಿಯ ತಂತಿವಾದ್ಯಗಳಿಗಾಗಿ ಬರೆದ ‘ಸೆರನೇಡ್’ ಮತ್ತು ‘ಎಲಿಜಿ’. ಸೆರನೇಡ್ 1892ರದ್ದು, ಹೆಸರಿಲ್ಲದ ಪ್ರಾಂತೀಯ ಪಿಟೀಲು ಮೇಷ್ಟರಾಗಿದ್ದಾಗ ಬರೆದು ಕೊನೆಯವರೆಗೂ ಪ್ರೀತಿಸಿದ ಪುಟ್ಟ ಕೃತಿ. ಅಕ್ಟೋಬರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಗುಣವಾಗದ ಕ್ಯಾನ್ಸರ್ ಎಂದು ಗೊತ್ತಾಯಿತು.

1934ರ ಜನವರಿ 22ರಂದು ನಡೆದದ್ದನ್ನು ಇವತ್ತಿಗೂ ನಂಬುವುದು ಕಷ್ಟ. ಎಲ್ಗರ್ ವೂಸ್ಟರಿನ ಮಾರ್ಲ್ ಬ್ಯಾಂಕ್ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನೂರು ಮೈಲಿಗೂ ಹೆಚ್ಚು ದೂರದ ಅಬ್ಬೆ ರೋಡಿನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಸೇರಿತ್ತು. ಎರಡರ ನಡುವೆ ಟೆಲಿಫೋನ್ ತಂತಿಯ ಸಂಪರ್ಕ ಏರ್ಪಡಿಸಿದರು, ಹಾಸಿಗೆಯ ಬಳಿ ಮೈಕ್ರೋಫೋನ್, ಲೌಡ್‌ಸ್ಪೀಕರ್. ಗೈಸ್‌ಬರ್ಗ್ ಹಾಸಿಗೆಯ ಪಕ್ಕದಲ್ಲಿಯೇ ಇದ್ದ. ಸ್ಟುಡಿಯೋದಲ್ಲಿ ಲಾರೆನ್ಸ್ ಕಾಲಿಂಗ್‌ವುಡ್ ಕೈಬೀಸಿದರು, ‘ಕರಾಕ್ಟಕಸ್’ ಎಂಬ 1898ರ ಕೃತಿಯ ನಡೆಗೀತ ಮತ್ತು ಕಾಡಿನ ದೃಶ್ಯದ ವಾದ್ಯಸಂಗೀತ ಮುದ್ರಣವಾಯಿತು. ಎಲ್ಗರ್ ಮಲಗಿದಲ್ಲಿಂದಲೇ ಕೇಳಿ ವಾದಕರೊಡನೆ ಮಾತಾಡಿದರು, ಹೀಗಲ್ಲ ಹಾಗೆ ಎಂದು ತಿದ್ದಿದರು. ಇಪ್ಪತ್ತು ವರ್ಷ ಮತ್ತು ಒಂದು ದಿನದ ಹಿಂದೆ ತಗಡಿನ ಕಹಳೆಯ ಮುಂದೆ ಶುರುವಾದ ಕೆಲಸ ಅಲ್ಲಿಗೆ ಮುಗಿಯಿತು. ಫೆಬ್ರವರಿ 23ರಂದು ಎಲ್ಗರ್ ತೀರಿಕೊಂಡರು. ಅದೇ ವರ್ಷ ಮೇನಲ್ಲಿ ಸಂಯೋಜಕ ಹೋಲ್ಸ್ಟ್, ಜೂನಿನಲ್ಲಿ ಸಂಯೋಜಕ ಡೀಲಿಯಸ್ ಹೋದರು. ಇಂಗ್ಲೆಂಡಿನ ಒಂದು ಸಂಗೀತ ಪೀಳಿಗೆ ನಾಲ್ಕು ತಿಂಗಳಲ್ಲಿ ಕಣ್ಮರೆಯಾಯಿತು.

ಆ ಮೇಲೆ ಉಳಿದದ್ದು ಮುಂದಿನ ಪೀಳಿಗೆಯ ಪಾಳಿ. ಬಾಯ್ಡ್ ನೀಲ್ ಎಂಬ ವೈದ್ಯರು 1933ರಲ್ಲಿ ತಂತಿವಾದ್ಯಗಳದ್ದೇ ಒಂದು ಸಣ್ಣ ತಂಡ ಕಟ್ಟಿದರು. ಮೊದಲ ಕಛೇರಿ ಮುಗಿಸಿದ ರಾತ್ರಿಯೇ ಒಂದು ಹೆರಿಗೆ ಮಾಡಿಸಲು ಓಡಿದರು. 1936ರಲ್ಲಿ ಅವರ ತಂಡ ರಾಲ್ಫ್ ವಾನ್ ವಿಲಿಯಮ್ಸ್ ಬರೆದ ‘ಟಾಲಿಸ್ ಫ್ಯಾಂಟಸಿಯಾ’ವನ್ನು ಮೊದಲ ಬಾರಿಗೆ ಮುದ್ರಿಸಿತು. ಗ್ಲಾಸ್ಟರ್ ಕೆಥೆಡ್ರಲಿನಲ್ಲಿ 1910ರ ಸೆಪ್ಟೆಂಬರಿನಲ್ಲಿ ಮೊದಲು ಕೇಳಿಸಿದ ಕೃತಿ ಅದು. ದೊಡ್ಡದೊಂದು ತಂತಿವೃಂದ, ದೂರದಲ್ಲಿ ಇನ್ನೊಂದು ಚಿಕ್ಕದು, ನಡುವೆ ನಾಲ್ವರು ಏಕವಾದಕರು. ಕಲ್ಲಿನ ಕಟ್ಟಡದ ಪ್ರತಿಧ್ವನಿಯನ್ನು ಲೆಕ್ಕಕ್ಕೆ ಹಿಡಿದೇ ಬರೆದದ್ದು.

1941ರ ಮೇ 10ರ ರಾತ್ರಿ ಜರ್ಮನ್ ಬಾಂಬುಗಳು ಕ್ವೀನ್ಸ್ ಹಾಲನ್ನು ಸುಟ್ಟವು. ಅಂದು ಮಧ್ಯಾಹ್ನ ಅಲ್ಲಿ ನಡೆದ ಕೊನೆಯ ಕಛೇರಿ ಎಲ್ಗರ್ ಅವರ ‘ದಿ ಡ್ರೀಮ್ ಆಫ್ ಜೆರೊಂಟಿಯಸ್’. 1926ರ ಎನಿಗ್ಮಾ, 1927ರ ಸಿಂಫನಿ ತಟ್ಟೆಗಳಲ್ಲಿ ಕೇಳಿಸುವುದು ಆ ಸಭಾಂಗಣದ ಕಂಠವೂ ಹೌದು. ಇಂಥ ಹಳೆಯ ತಟ್ಟೆಗಳ ಹೊರತು ಅದು ಈಗ ಸಿಗದು. ಅದೇ ರಾತ್ರಿ ಲಂಡನ್ನಿನ ಹಳೆಯ ಟೆಂಪಲ್ ಚರ್ಚಿಗೂ ಬೆಂಕಿ ಬಿತ್ತು. ಯುದ್ಧ ಮುಗಿದ ಮೇಲೆ ಅದನ್ನು ದುರಸ್ತಿ ಮಾಡಿದರು.

ಆ ಚರ್ಚಿಗೆ 1962ರ ಮೇ ತಿಂಗಳಲ್ಲಿ ಬಾರ್ಬಿರೋಲಿ ಬಂದರು. 1919ರ ಆ ಚೆಲ್ಲೋ ಹುಡುಗ ಈಗ ಸರ್ ಜಾನ್, ಇಂಗ್ಲೆಂಡಿನ ಅಗ್ರ ನಿರ್ದೇಶಕರಲ್ಲಿ ಒಬ್ಬರು. ಜೊತೆಗೆ ಸಿನಿಮಾ ಸಂಗೀತ ನುಡಿಸುವುದಕ್ಕೆಂದು ಕೂಡಿದ್ದ ಸಿನ್‌ಫೋನಿಯಾ ಆಫ್ ಲಂಡನ್. ಹಿಚ್‌ಕಾಕನ ‘ವರ್ಟಿಗೋ’ಗೆ ನುಡಿಸಿದವರು ಇವರೇ. ಟಾಲಿಸ್ ಫ್ಯಾಂಟಸಿಯಾ ಅಲ್ಲಿ ಮುದ್ರಣವಾಯಿತು. ಅದೇ ತಟ್ಟೆಗೆ ಎಲ್ಗರ್ ಅವರ ಸೆರನೇಡ್ ಮತ್ತು ‘ಇಂಟ್ರೊಡಕ್ಷನ್ ಅಂಡ್ ಅಲೆಗ್ರೊ’ ಸೇರಿದವು. ಎರಡನೆಯದು 1905ರಲ್ಲಿ ಹೊಸದಾಗಿ ಹುಟ್ಟಿದ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ತಂತಿವಾದಕರಿಗೆಂದು ಬರೆದದ್ದು. ಎಲ್ಗರ್ ಅದನ್ನು ತಾವು ಮುದ್ರಿಸಿರಲಿಲ್ಲ, ಆದರೆ ಬಾರ್ಬಿರೋಲಿ 1920ರ ದಶಕದಲ್ಲಿಯೇ ಮುದ್ರಿಸಿದ್ದರು. ಇಂಗ್ಲಿಷ್ ತಂತಿಸಂಗೀತದಲ್ಲಿ ಕೇಳಲೇಬೇಕಾದ ಒಂದೇ ಒಂದು ತಟ್ಟೆ ಯಾವುದು ಎಂದು ಯಾರಾದರೂ ವಿಚಾರಿಸಿದರೆ ನಾನು ಹೇಳುವುದು ಇದನ್ನೇ. ಜಾರು ಹಳೆಯಷ್ಟಿಲ್ಲ, ಆದರೆ ಸತ್ತಿಲ್ಲ. ಚೆಲ್ಲೋ ನುಡಿಸಿ ಬಂದವರಾದ್ದರಿಂದ ಬಾರ್ಬಿರೋಲಿ ಕೆಳಗಿನ ತಂತಿಗಳಿಂದ ಹಾಡಿಸುವುದನ್ನು ಬಲ್ಲವರು.

ಅದೇ ವರ್ಷ ಅವರು ಎಲ್ಗರ್ ಅವರ ಮೊದಲ ಸಿಂಫನಿಯನ್ನೂ ಎನಿಗ್ಮಾವನ್ನೂ ಮುದ್ರಿಸಿದ್ದು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ. ಯುದ್ಧ ಮುಗಿದ ವರ್ಷ ಹುಟ್ಟಿದ ಆ ವೃಂದ ಎಳವೆಯಲ್ಲಿ ಹಣಕ್ಕೆ ತತ್ತರಿಸುತ್ತಿದ್ದಾಗ ಕೈಹಿಡಿದವರಲ್ಲಿ ಮೈಸೂರಿನ ಜಯಚಾಮರಾಜ ಒಡೆಯರ್ ಒಬ್ಬರು. ರಷ್ಯಾದ ಸಂಯೋಜಕ ಮೆಡ್ನರ್ ಅವರ ಕೃತಿಗಳ ಮುದ್ರಣಕ್ಕೂ ಅವರೇ ನೆರವಾದರು.

ಉಳಿದದ್ದು ಚೆಲ್ಲೋ ಕಾನ್ಚೆರ್ಟೊ. 1965ರ ಆಗಸ್ಟ್ 19ರಂದು ಕಿಂಗ್ಸ್‌ವೇ ಹಾಲಿನಲ್ಲಿ ಬಾರ್ಬಿರೋಲಿ ಎದುರು ಕೂತದ್ದು ಇಪ್ಪತ್ತು ವರ್ಷದ ಜಾಕ್ವೆಲಿನ್ ಡು ಪ್ರೆ, ಸುತ್ತ ಮತ್ತೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಆ ಹಾಲಿನ ಅಡಿಯಲ್ಲಿ ಸುರಂಗ ರೈಲು ಓಡುತ್ತಿತ್ತು. ಅಲ್ಲಿ ಮಾಡಿದ ಎಷ್ಟೋ ಮುದ್ರಣಗಳ ತಳದಲ್ಲಿ ಅದರ ಗುಡುಗು ಕೇಳಿಸುತ್ತದೆ. ಮೊದಲ ಭಾಗಗಳನ್ನು ನುಡಿಸಿ ನಿಲ್ಲಿಸಿದಾಗ ವಾದಕರೇ ಚಪ್ಪಾಳೆ ತಟ್ಟಿದರು. ತಲೆನೋವೆಂದು ಬಿಡುವಿನಲ್ಲಿ ಆಸ್ಪಿರಿನ್ ತರಲು ಹೊರಗೆ ಹೋದ ಹುಡುಗಿ ಮರಳಿದಾಗ ಸುದ್ದಿ ಹರಡಿ ಹಾಲಿನ ತುಂಬ ಜನ ಸೇರಿದ್ದರಂತೆ. ಎಂಟು ವರ್ಷಗಳಲ್ಲಿ ನರಗಳ ಕಾಯಿಲೆ ಅವಳ ಕೈಯಿಂದ ಕಮಾನನ್ನು ಕಿತ್ತುಕೊಂಡಿತು. 42ನೆಯ ವಯಸ್ಸಿಗೆ, 1987ರಲ್ಲಿ, ಅವಳು ತೀರಿಕೊಂಡಳು. ಆ ಬಾಳಿನ ಕಥೆಯ ಜೊತೆ ಬೆರೆತು ಕಾನ್ಚೆರ್ಟೊ ಜಗತ್ತಿನ ಮೂಲೆಮೂಲೆ ಮುಟ್ಟಿತು.

ಅವಳದ್ದು ಅತಿಯಾಯಿತು ಎಂದವರಿಗೆ, ಎಳೆಯ ವಯಸ್ಸಿನಲ್ಲಿ ಅತಿ ಇಲ್ಲದಿದ್ದರೆ ಮುಂದೆ ಕೆತ್ತಿ ತೆಗೆಯುವುದು ಏನನ್ನು ಎಂದು ಬಾರ್ಬಿರೋಲಿ ಕೇಳಿದ್ದರು. ಅವಳ ಮುದ್ರಣ ಸುಮಾರು 30 ನಿಮಿಷ, ಹ್ಯಾರಿಸನ್ ಅವರದ್ದಕ್ಕಿಂತ ಐದು ನಿಮಿಷ ಹೆಚ್ಚು. ಒಂದನ್ನು ಮೆಚ್ಚಿ ಇನ್ನೊಂದನ್ನು ಬಿಡಬೇಕಾಗಿಲ್ಲ. ಆದರೆ ಡು ಪ್ರೆ ನುಡಿಸಿದ್ದನ್ನು ಮಾತ್ರ ಕೇಳಿ ಎಲ್ಗರ್ ಎಂದರೆ ಇಷ್ಟೇ ಎಂದುಕೊಂಡವರು 1928ರ ಮುದ್ರಣವನ್ನು ಹುಡುಕಿ, ಮೂರನೆಯ ಭಾಗವಾದ ಅಡಾಜಿಯೊದಿಂದ ಕೇಳತೊಡಗಬೇಕು. ಚೆಲ್ಲೋ ಅಲ್ಲಿ ಮರುಗುವುದಿಲ್ಲ, ನೇರವಾಗಿ ಮಾತಾಡುತ್ತದೆ. ಆ ವೇಗವನ್ನು ಗೊತ್ತುಮಾಡಿದ ಕೈ ಕೃತಿಯನ್ನು ಬರೆದವರದ್ದು.